ತಾಯಿಯ ಕಡೆಯ ವಂಶ ಹುಡುಕುವುದು ಹೇಗೆ? ತುಳುನಾಡಿನ ಹಳೆಯ ಕುಟುಂಬ ದಾಖಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಜ್ಜಿಯ ತಾಯಿ ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಎರಡು ಉತ್ತರಗಳಿವೆ ಎಂದಿಟ್ಟುಕೊಳ್ಳಿ. ಮುತ್ತಜ್ಜನಿಗೆ ಇಬ್ಬರು ಹೆಂಡಂದಿರು, ಅಜ್ಜಿ ಮೊದಲನೆಯವಳ ಮಗಳು ಎಂದು ಒಬ್ಬರು ಹೇಳಿದರೆ, ಅಲ್ಲ, ಎರಡನೆಯವಳ ಮಗಳು ಎಂದು ಇನ್ನೊಬ್ಬರು ಹೇಳುತ್ತಾರೆ. ಪಹಣಿ ತೆಗೆಸಿದರೆ ಅದರಲ್ಲಿ ಗಂಡಸರ ಹೆಸರುಗಳೇ ಇರುತ್ತವೆ. ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂದು ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಮಂಗಳೂರು, ಉಡುಪಿ ಕಡೆಯ ಮಟ್ಟಿಗೆ ಈ ನಿರಾಸೆಗೆ ಕಾರಣವಿಲ್ಲ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟಿನಂತೆ ಆಸ್ತಿ ಹೆಣ್ಣಿನ ಮೂಲಕವೇ ಇಳಿದು ಬಂದದ್ದರಿಂದ, ಹೆಣ್ಣಿನ ಹೆಸರಿಲ್ಲದೆ ಕೆಲವು ಕಾಗದಗಳನ್ನು ಬರೆಯುವುದೇ ಸಾಧ್ಯವಿರಲಿಲ್ಲ. ಆದ್ದರಿಂದ ಸಿಕ್ಕಿದ ದಾಖಲೆಯಲ್ಲೆಲ್ಲ ಅವಳ ಹೆಸರನ್ನು ಹುಡುಕುವ ಬದಲು, ಯಾವ ಕಾಗದಕ್ಕೆ ಅವಳ ಹೆಸರು ಬೇಕೇ ಬೇಕಾಗಿತ್ತು ಎಂದು ಮೊದಲು ಯೋಚಿಸಿ ಅಲ್ಲಿಗೆ ಹೋಗಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಸಂಶಯ ಇರುವ ಕೊಂಡಿಯನ್ನು ಗುರುತಿಸಿ

ವಂಶವೃಕ್ಷವನ್ನೆಲ್ಲ ಒಟ್ಟಿಗೆ ಬರೆಯಲು ಹೊರಡಬೇಡಿ. ನಿಮ್ಮಿಂದ ತಾಯಿ, ತಾಯಿಯಿಂದ ಅವಳ ತಾಯಿ ಎಂದು ಮೇಲಕ್ಕೆ ಏರುತ್ತಾ ಹೋಗಿ, ಯಾವ ಕೊಂಡಿಯವರೆಗೆ ಕಾಗದದ ಆಧಾರವಿದೆ, ಎಲ್ಲಿಂದ ಬರೀ ಹೇಳಿಕೆ ಶುರುವಾಗುತ್ತದೆ ಎಂದು ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲಿನ ಮೊದಲ ಕೊಂಡಿಯೇ ನಿಮ್ಮ ಪ್ರಶ್ನೆ. ‘ಅಜ್ಜಿಯನ್ನು ಹೆತ್ತವಳು ದೇವುವೋ, ಅಕ್ಕಮ್ಮನೋ’ ಎಂಬಷ್ಟು ಸಣ್ಣದಾಗಿ ಪ್ರಶ್ನೆಯನ್ನು ಇಳಿಸಿಕೊಂಡರೆ, ಯಾವ ಊರಿನ ಯಾವ ವರ್ಷಗಳ ದಾಖಲೆ ನೋಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಈ ಗೊಂದಲಗಳು ಹುಟ್ಟುವ ಬಗೆಯನ್ನೂ ತಿಳಿದಿರುವುದು ಒಳ್ಳೆಯದು. ಕೂಡುಕುಟುಂಬದಲ್ಲಿ ಬಾಣಂತಿ ತೀರಿಕೊಂಡರೆ ಮಗುವನ್ನು ಅವಳ ಅಕ್ಕನೋ ತಂಗಿಯೋ ಸಾಕುತ್ತಿದ್ದರು. ಮಗು ಅವಳನ್ನೇ ಅಮ್ಮ ಎನ್ನುತ್ತಿತ್ತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ದೊಡ್ಡಮ್ಮನೇ ಹೆತ್ತ ತಾಯಿಯಾಗಿ ಉಳಿಯುತ್ತಿದ್ದಳು. ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ, ಅಂದರೆ ಬುಡುದಾರೆ, ಇಲ್ಲಿನ ಹಲವು ಸಮುದಾಯಗಳಲ್ಲಿ ಒಪ್ಪಿತವಾಗಿತ್ತು. ಆದ್ದರಿಂದ ಒಬ್ಬಳೇ ತಾಯಿಯ ಮಕ್ಕಳಿಗೆ ಇಬ್ಬರು ತಂದೆಯರ ಹೆಸರು ಕಂಡರೆ ಇಬ್ಬರು ತಾಯಂದಿರಿದ್ದರು ಎಂದು ತೀರ್ಮಾನಿಸಬಾರದು. ಹೆಣ್ಣುಸಂತತಿ ನಿಂತುಹೋಗುವ ಹಂತದಲ್ಲಿ ಹುಡುಗಿಯನ್ನು ದತ್ತು ತೆಗೆದುಕೊಂಡ ಕುಟುಂಬಗಳೂ ಇವೆ.

ಎರಡನೆಯ ಹೆಜ್ಜೆ: ಬಾಯಿಮಾತನ್ನು ಕ್ರಮವಾಗಿ ಸಂಗ್ರಹಿಸಿ

ಹಿರಿಯರನ್ನು ಕೇಳುವ ಕೆಲಸವನ್ನು ಮುಂದೂಡಬೇಡಿ. ದಾಖಲೆ ಕಚೇರಿಯಲ್ಲಿ ಕಾಯುತ್ತದೆ, ಎಂಬತ್ತೈದರ ಅಜ್ಜಿ ಕಾಯುವುದಿಲ್ಲ. ‘ನಿಮ್ಮ ವಂಶದ ಬಗ್ಗೆ ಹೇಳಿ’ ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಕೇಳಬೇಕಾದ್ದು ಸಣ್ಣ, ಖಚಿತ ಸಂಗತಿಗಳನ್ನು. ಅವಳು ಹೆರಿಗೆಗೆ ಯಾವ ಮನೆಗೆ ಹೋಗುತ್ತಿದ್ದಳು? ಸತ್ತಾಗ ಸೂತಕ ಆಚರಿಸಿದವರು ಯಾರು? ತಂಬಿಲಕ್ಕೆ, ಅಂದರೆ ನಾಗನ ವಾರ್ಷಿಕ ಪೂಜೆಗೆ, ಹೋಗುತ್ತಿದ್ದ ನಾಗಬನ ಯಾವುದು, ಕುಟುಂಬದ ದೈವ ಯಾವುದು, ಕೋಲಕ್ಕೆ ಪಾಲು ಕೊಡುತ್ತಿದ್ದದ್ದು ಯಾವ ಮನೆಗೆ? ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವ ಮನೆಯಾದರೆ, ಎಷ್ಟು ಎಲೆ ಹಾಕುತ್ತಾರೆ, ಯಾರ ಯಾರ ಹೆಸರಿನಲ್ಲಿ ಎಂದು ಕೇಳಿ. ವಂಶವೃಕ್ಷ ಗೊತ್ತಿಲ್ಲ ಎನ್ನುವವರೂ ಎಲೆಗಳ ಲೆಕ್ಕ ತಪ್ಪದೆ ಹೇಳುತ್ತಾರೆ, ಹೆಸರು ಮರೆತ ಹೆಂಗಸಿನ ಎಲೆಯೂ ಆ ಲೆಕ್ಕದಲ್ಲಿರುತ್ತದೆ.

ಇಷ್ಟೆಲ್ಲದರ ನಡುವೆ ಅತಿ ಮುಖ್ಯವಾದ ಪ್ರಶ್ನೆ ಬರಿಯದು. ಬರಿ ಎಂದರೆ ಕುಲದ ಹೆಸರು. ತುಳುವಿನ ಬರಿ, ಕುಂದಾಪುರ ಕಡೆಯ ಬಳಿ, ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗಂಡಿಗೂ ಹೆಣ್ಣಿಗೂ ತಾಯಿಯ ಬರಿಯೇ, ಆದರೆ ಮುಂದಕ್ಕೆ ದಾಟಿಸುವವಳು ಹೆಣ್ಣು ಮಾತ್ರ. ಒಂದೇ ಬರಿಯೊಳಗೆ ಮದುವೆ ನಿಷಿದ್ಧವಾದ್ದರಿಂದ ಪ್ರತಿ ಸಂಬಂಧ ಕುದುರುವಾಗಲೂ ಅದನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದರು, ಹಾಗಾಗಿ ಈ ನೆನಪು ಉಳಿದ ನೆನಪುಗಳಿಗಿಂತ ಗಟ್ಟಿ. ಮೇಲಿನ ಎರಡು ಹೆಂಡಂದಿರ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೊದಲ ಹೆಂಡತಿಯ ತವರಿನವರ ಬರಿಯನ್ನೂ, ಎರಡನೆಯವಳ ತವರಿನವರ ಬರಿಯನ್ನೂ ತಿಳಿದುಕೊಂಡು ನಿಮ್ಮ ಅಜ್ಜಿಯ ಬರಿಯೊಂದಿಗೆ ಹೋಲಿಸಿ. ಎರಡೂ ಬೇರೆ ಬೇರೆಯಾಗಿದ್ದರೆ ಕಾಗದ ಮುಟ್ಟುವ ಮೊದಲೇ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಬರಿ ಬೇರೆಯಾದರೆ ತಾಯಿ ಬೇರೆ ಎನ್ನಬಹುದು, ಬರಿ ಒಂದೇ ಆದ ಮಾತ್ರಕ್ಕೆ ಕುಟುಂಬ ಒಂದೇ ಎನ್ನಲಾಗದು. ಒಂದೊಂದು ಬರಿಯಲ್ಲೂ ಪರಸ್ಪರ ಪರಿಚಯವಿಲ್ಲದ ಅನೇಕ ಕುಟುಂಬಗಳಿವೆ.

ಮೂಲ ನಾಗಬನ ತಿಳಿಯಲು ಜ್ಯೋತಿಷಿಗಳಿಂದ ಪ್ರಶ್ನೆ ಇಡಿಸಿದವರ ಮನೆಯಲ್ಲಿ ಆ ಬಗ್ಗೆ ಬರೆದಿಟ್ಟ ಚೀಟಿಗಳಿರಬಹುದು. ಅವುಗಳಲ್ಲಿ ಬಂದ ಊರು, ಮನೆಗಳ ಹೆಸರನ್ನು ಹುಡುಕಾಟಕ್ಕೆ ಸುಳಿವಾಗಿ ಬಳಸಿ, ದಾಖಲೆಯ ಸಾಲಿನಲ್ಲಿ ಸೇರಿಸಬೇಡಿ.

ಮೂರನೆಯ ಹೆಜ್ಜೆ: ಹೆಸರು ಮತ್ತು ಕಾಲದ ಪಟ್ಟಿ ಮಾಡಿಕೊಳ್ಳಿ

ಒಬ್ಬಳೇ ಹೆಂಗಸು ಮನೆಯಲ್ಲಿ ಅಕ್ಕು, ಪಾಲುಪಟ್ಟಿಯಲ್ಲಿ (ಕುಟುಂಬದ ಆಸ್ತಿ ಹಂಚಿಕೊಂಡ ಪತ್ರದಲ್ಲಿ) ಅಕ್ಕಮ್ಮ ಶೆಡ್ತಿ, ಹಳೆಯ ಕೋರ್ಟು ಕಾಗದದಲ್ಲಿ ಅಕ್ಕು ಹೆಂಗ್ಸು ಎಂದು ಕಾಣಿಸಬಹುದು. ವಾರದ ಹೆಸರುಗಳಿರುವ ಮನೆತನಗಳಲ್ಲಿ ಕಷ್ಟ ಇನ್ನೂ ಹೆಚ್ಚು: ಶುಕ್ರವಾರ ಹುಟ್ಟಿದ ಗಂಡು ತುಕ್ರನಾದರೆ ಹೆಣ್ಣು ತುಕ್ರು, ಹಾಗಾಗಿ ಒಂದೇ ಗ್ರಾಮದಲ್ಲಿ ಒಂದೇ ಕಾಲಕ್ಕೆ ಹಲವು ತುಕ್ರುಗಳು ಸಿಗುತ್ತಾರೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದರಿಂದ ಒಂದು ತಲೆಮಾರು ಬಿಟ್ಟು ಅದೇ ಹೆಸರು ಮತ್ತೆ ಬರುತ್ತದೆ. ಆದ್ದರಿಂದ ಹೆಸರನ್ನು ಒಂಟಿಯಾಗಿ ನಂಬದೆ, ಹೆಸರು, ಮನೆ, ಸೋದರಮಾವ ಈ ಮೂರೂ ಕೂಡಿ ಬಂದಾಗ ಮಾತ್ರ ಅವಳೇ ಎಂದು ಒಪ್ಪಿಕೊಳ್ಳಿ. ಉಪನಾಮವನ್ನು ಆಧಾರವಾಗಿ ಹಿಡಿಯಲೇಬೇಡಿ. ಸೋದರಮಾವನ ಉಪನಾಮ ಇಟ್ಟುಕೊಳ್ಳುತ್ತಿದ್ದ ಮನೆಗಳು ಕಾಲಕ್ರಮದಲ್ಲಿ ತಂದೆಯ ಉಪನಾಮಕ್ಕೆ ಬದಲಾಗಿವೆ.

ಕಾಲದ ಲೆಕ್ಕಕ್ಕೆ ಎರಡು ಸೂತ್ರಗಳು ಸಾಕು. ಕಂದಾಯ ದಾಖಲೆಗಳಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿ: ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್‌ವರೆಗೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದನ್ನು ನೆನಪಿಡಿ. ಶಾರ್ವರಿ 1900ರಲ್ಲೂ ಬಂದಿತ್ತು, 1960ರಲ್ಲೂ ಬಂದಿತ್ತು.

ಆಡಳಿತದ ಗಡಿಗಳೂ ಮುಖ್ಯ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು, ಕಾಸರಗೋಡು ಅದೇ ಜಿಲ್ಲೆಯ ತಾಲೂಕಾಗಿತ್ತು, ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮಂಜೇಶ್ವರ, ಕುಂಬಳೆಯಿಂದ ಬಂದ ಮುತ್ತಜ್ಜಿಯ ತವರಿನ ಕಾಗದಗಳಿಗೆ ಕೇರಳದ ಕಚೇರಿಗಳನ್ನೇ ಕೇಳಬೇಕಾಗುತ್ತದೆ, ಹಳೆಯ ಮೇಲ್ಮನವಿಗಳಿಗೆ ಮದ್ರಾಸ್ ಹೈಕೋರ್ಟಿನ ವರದಿಗಳನ್ನು ನೋಡಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪಾಲುಪಟ್ಟಿಯನ್ನು ಹುಡುಕಿ

ಅಳಿಯಸಂತಾನದ ಮನೆತನವಾದರೆ ನಿಮ್ಮ ಸಮಯದ ಹೆಚ್ಚಿನ ಪಾಲನ್ನು ಈ ಒಂದು ಕಾಗದಕ್ಕೆ ಮೀಸಲಿಡಿ ಎನ್ನುವುದು ನನ್ನ ದೃಢವಾದ ಸಲಹೆ. ಕಾರಣ ಕಾನೂನಿನಲ್ಲಿದೆ. ಹಿಂದೆ ಕುಟುಂಬದ ಆಸ್ತಿಯಲ್ಲಿ ಪಾಲು ಬೇಕೆಂದು ಒಬ್ಬ ಸದಸ್ಯ ಒತ್ತಾಯಿಸುವಂತಿರಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ, ಒಂದು ಕವರಿನ ಪ್ರಾಯಸ್ಥ ಸದಸ್ಯರ ಬಹುಮತವಿದ್ದರೆ ಆ ಕವರು ತನ್ನ ಪಾಲನ್ನು ಕೇಳಬಹುದಾಯಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣು ಸಾಲಿನಲ್ಲಿ ಇಳಿದು ಬಂದ ಅವಳ ಎಲ್ಲ ಸಂತತಿ. ಗಂಡಸಿಗಾದರೆ ಅವನ ತಾಯಿಯ ಕವರೇ ಅವನ ಕವರು. ಹೀಗಾಗಿ ಪಾಲು ಮಾಡುವಾಗ ಮೂಲ ಹೆಂಗಸಿನಿಂದ ಆರಂಭಿಸಿ ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಬರೆಯದೆ ಉಪಾಯವಿರಲಿಲ್ಲ. 1950 ಮತ್ತು 60ರ ದಶಕದ ಪಾಲುಪಟ್ಟಿಗಳು ತಾಯಿಯ ಸಾಲಿನ ವಂಶಾವಳಿಗಳೇ ಆಗಿರುವುದು ಇದರಿಂದ.

ಅದೇ ಕಾಯ್ದೆಯ ಇನ್ನೊಂದು ಅಂಶ ನಮಗೆ ತುಂಬ ಉಪಕಾರಿ. ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇರುವ ಕವರು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ ಕವರು. ಎರಡಕ್ಕೂ ಸಿಗುವ ಹಕ್ಕು ಬೇರೆ. ಆದ್ದರಿಂದ ಹೆಂಗಸರ ವಯಸ್ಸು ಬರೆಯುವುದು ಮುಖ್ಯವಾಗಿತ್ತು, ನಮಗೆ ಅದರಿಂದ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ಹಕ್ಕು ವಯಸ್ಸಿನ ಮೇಲೆ ನಿಂತಿದ್ದರಿಂದಲೇ, 48, 49 ಎಂಬ ವಯಸ್ಸು ಕಂಡಾಗ ಬೇರೆ ಕಾಗದದೊಂದಿಗೆ ತಾಳೆ ನೋಡದೆ ಒಪ್ಪಬಾರದು.

ಈಗ ಕಾಗದವನ್ನು ಹುಡುಕುವ ಬಗೆ. ಮೊದಲು ಕುಟುಂಬದ ಜಮೀನಿನ ಇಂದಿನ ಪಹಣಿಯಿಂದ ಸರ್ವೆ ನಂಬರ್ ತೆಗೆದುಕೊಳ್ಳಿ. ತಾಲೂಕು ಕಚೇರಿಯಲ್ಲಿ ಹಳೆಯ ಅಡಂಗಲ್ (ಮದರಾಸಿನ ಕಾಲದ ಪಹಣಿ), ಸೆಟ್ಲ್‌ಮೆಂಟ್ ರಿಜಿಸ್ಟರ್ ಮತ್ತು ಮ್ಯುಟೇಶನ್ ದಾಖಲೆಗೆ ಅರ್ಜಿ ಹಾಕಿ. ಖಾತೆ ಬದಲಾದ ಕಡೆ ‘ಪಾಲುಪಟ್ಟಿ ನಂಬರ್ ಇಷ್ಟರ ಪ್ರಕಾರ’ ಎಂಬ ಉಲ್ಲೇಖ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಆ ನಂಬರ್ ಮತ್ತು ವರ್ಷ ಹಿಡಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ದೃಢೀಕೃತ ನಕಲು ಕೇಳಿ. ನಂಬರ್ ಇಲ್ಲದಿದ್ದರೆ ಅಲ್ಲಿನ ಸೂಚಿಗಳನ್ನು ನೋಡಬೇಕು: ಒಂದನೇ ಸೂಚಿಯಲ್ಲಿ ವ್ಯಕ್ತಿಗಳ ಹೆಸರು, ಎರಡನೇ ಸೂಚಿಯಲ್ಲಿ ಆಸ್ತಿಯ ವಿವರ ಇರುತ್ತದೆ. ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕ ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಲು 1908ರ ನೋಂದಣಿ ಕಾಯ್ದೆ ಅವಕಾಶ ಕೊಡುತ್ತದೆ. ಉಯಿಲುಗಳಿರುವ ಮೂರನೇ ಪುಸ್ತಕದ ನಕಲನ್ನು ಉಯಿಲು ಬರೆದವರು ತೀರಿಕೊಂಡ ಮೇಲೆ ಮಾತ್ರ ಇತರರಿಗೆ ಕೊಡುತ್ತಾರೆ, ಹಾಗಾಗಿ ಅವರ ಮರಣ ಪ್ರಮಾಣಪತ್ರ ಜತೆಗಿರಲಿ. ಆನ್‌ಲೈನ್‌ನಲ್ಲಿ ಸಿಗುವ ಋಣಭಾರ ಪತ್ರ ಇತ್ತೀಚಿನ ದಶಕಗಳಿಗೆ ಸೀಮಿತ. ಹಳೆಯದಕ್ಕೆ ಕಚೇರಿಯಲ್ಲೇ ಹುಡುಕಿಸಬೇಕು.

ಸಿಕ್ಕಿದ ಮೇಲೆ ಓದುವುದು ಹೇಗೆ ಎನ್ನುವುದಕ್ಕೆ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. 1953ರ ಪಾಲುಪಟ್ಟಿಯಲ್ಲಿ ಒಂದನೇ ಪಾರ್ಟಿ ದೇವು ಶೆಡ್ತಿ, ಪ್ರಾಯ 62, ಅವಳ ಕೆಳಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಎರಡನೇ ಪಾರ್ಟಿಯಲ್ಲಿ ‘ಮೃತ ಅಕ್ಕಮ್ಮ ಶೆಡ್ತಿಯ ಮಗಳು ಮೈನರ್ ಲೀಲಾವತಿ, ಪ್ರಾಯ 16, ಇವಳ ಬಗ್ಗೆ ಗಾರ್ಡಿಯನ್ ಸೋದರಮಾವ’ ಎಂದಿದೆ. ಲೀಲಾವತಿ ನಿಮ್ಮ ಅಜ್ಜಿ. ಅವಳು ಜೀವಮಾನವಿಡೀ ಅಮ್ಮ ಎಂದು ಕರೆದದ್ದು ದೇವುವನ್ನು. ಆದರೆ ಅವಳ ಪಾಲು ಬಂದದ್ದು ಅಕ್ಕಮ್ಮನ ಕವರಿಗೆ. ದೇವುವಿನ ಮಗಳಾಗಿದ್ದರೆ ಒಂದನೇ ಪಾರ್ಟಿಯಲ್ಲಿ ಇರಬೇಕಾಗಿತ್ತು, ಆಸ್ತಿಯ ಪ್ರಶ್ನೆಯಾದ್ದರಿಂದ ದೇವುವಿನ ಸ್ವಂತ ಮಕ್ಕಳು ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ತಮ್ಮ ಹಿತಕ್ಕೆ ವಿರುದ್ಧವಾದದ್ದನ್ನು ಪ್ರಶ್ನಿಸಬಲ್ಲವರು ಅದೇ ಕಾಗದಕ್ಕೆ ಸಹಿ ಹಾಕಿದ್ದಾರೆ ಎನ್ನುವುದೇ ಪಾಲುಪಟ್ಟಿಯ ಮಾತಿಗೆ ಬಲ. ಮೃತರ ಹೆಸರು, ಮೈನರುಗಳ ವಯಸ್ಸು, ಗಾರ್ಡಿಯನ್ ಯಾರು, ಹೆಬ್ಬೆಟ್ಟಿನ ಗುರುತಿಗೆ ಸಾಕ್ಷಿ ಹಾಕಿದವರು ಯಾರು ಎಂಬ ನಾಲ್ಕನ್ನೂ ಬೇರೆಯಾಗಿ ಬರೆದುಕೊಳ್ಳಿ. ಆಸ್ತಿಯ ಷೆಡ್ಯೂಲಿನ ಹಿಂದೆ ಅಡಗಿರುವ ಕುಟುಂಬ ಅಲ್ಲಿದೆ.

ಪಾಲುಪಟ್ಟಿಯೇ ಇಲ್ಲದ ಕುಟುಂಬಗಳಲ್ಲಿ ಅಡವು ಮತ್ತು ಕ್ರಯಪತ್ರಗಳನ್ನು ನೋಡಿ. ಯಜಮಾನನೊಬ್ಬನೇ ಮಾರಿದರೆ ಮುಂದೆ ತಕರಾರು ಬರಬಹುದೆಂದು ಕೊಳ್ಳುವವರು ಕುಟುಂಬದ ಪ್ರಾಯಸ್ಥ ಹೆಂಗಸರ ಸಹಿಯನ್ನೂ ಹಾಕಿಸಿಕೊಳ್ಳುತ್ತಿದ್ದರು.

ಐದನೆಯ ಹೆಜ್ಜೆ: ವ್ಯಾಜ್ಯ ಮತ್ತು ಗೇಣಿಯ ಕಡತಗಳು

ಕುಟುಂಬದಲ್ಲಿ ಪಾಲಿನ ಅಥವಾ ಯಜಮಾನಿಕೆಯ ದಾವೆ ನಡೆದಿದ್ದರೆ ದಾವಾಪತ್ರದ ಜತೆ ವಂಶಾವಳಿ ಲಗತ್ತಾಗಿರುತ್ತದೆ. ಎದುರು ಪಕ್ಷದವರು ಕೊಟ್ಟ ವಂಶಾವಳಿಯನ್ನೂ ತಪ್ಪದೆ ತೆಗೆಸಿ. ಎರಡೂ ಕಡೆಯವರು ಒಪ್ಪಿದ ಕೊಂಡಿ ಬಹಳ ಗಟ್ಟಿ; ಒಪ್ಪದ ಕೊಂಡಿಯ ಬಗ್ಗೆ ಸಾಕ್ಷಿಗಳು ಏನು ಹೇಳಿದರು, ತೀರ್ಪು ಏನೆಂದಿತು ಎಂದು ಓದಬೇಕು.

ಸ್ವಂತ ವರ್ಗಭೂಮಿ (ಪಟ್ಟಾ ಜಮೀನು) ಇಲ್ಲದೆ ಚಾಲಗೇಣಿಯಲ್ಲಿ, ಅಂದರೆ ಇತರರ ಜಮೀನಿನ ಗೇಣಿದಾರರಾಗಿ, ಬದುಕಿದ ಮನೆತನಗಳಿಗೆ ಪಾಲುಪಟ್ಟಿ ಸಿಗುವುದು ಅಪರೂಪ. ಅವರಿಗೆ ದಾರಿ ಭೂನ್ಯಾಯ ಮಂಡಳಿಯ ಕಡತ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿದರು. ತಾವು ಎಂದಿನಿಂದ ಸಾಗುವಳಿ ಮಾಡುತ್ತಿದ್ದೇವೆ, ತಮಗಿಂತ ಮೊದಲು ಯಾರು ಮಾಡುತ್ತಿದ್ದರು ಎಂದು ಹೇಳುವಾಗ ಅಲ್ಲಿ ‘ನನ್ನ ತಾಯಿಯ ಕಾಲದಿಂದ’, ‘ಮಾವನ ಕಾಲದಿಂದ’ ಎಂಬ ಹೇಳಿಕೆಗಳು ಬರುತ್ತವೆ. ಹಳೆಯ ಗೇಣಿಚೀಟುಗಳೂ ಸಾಕ್ಷ್ಯವಾಗಿ ಅದೇ ಕಡತದಲ್ಲಿ ಉಳಿದಿರಬಹುದು.

ಆರನೆಯ ಹೆಜ್ಜೆ: ಜನನ ಮತ್ತು ಶಾಲಾ ದಾಖಲೆ

ಜನನ ಮರಣ ನೋಂದಣಿ ಇಡೀ ದೇಶಕ್ಕೆ ಒಂದೇ ಕಾಯ್ದೆಯಡಿ ಬಂದದ್ದು 1970ರಲ್ಲಿ. ಅದಕ್ಕೂ ಹಿಂದೆ ಮದರಾಸಿನ 1899ರ ಕಾಯ್ದೆಯಿತ್ತು. ಹಳೆಯ ಹಳ್ಳಿ ರಿಜಿಸ್ಟರುಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯಿರುವುದು ಸಾಮಾನ್ಯವಾದ್ದರಿಂದ ಹೆಸರಿನಿಂದ ಹುಡುಕದೆ ದಿನಾಂಕ ಮತ್ತು ಹೆತ್ತವರಿಂದ ಹುಡುಕಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾಯಿಯ ಹೆಸರು ಇಲ್ಲದಿದ್ದರೂ ಪೋಷಕರ ಕಾಲಮ್ಮನ್ನು ಬಿಡಬೇಡಿ. ಅಳಿಯಸಂತಾನದ ಮನೆಗಳಲ್ಲಿ ಅಲ್ಲಿ ಸೋದರಮಾವನ ಹೆಸರಿರುವುದುಂಟು, ಮಾವ ಯಾರೆಂದು ತಿಳಿದರೆ ತಾಯಿಯ ಕುಟುಂಬ ತಿಳಿದಂತೆಯೇ.

ಕಂದಾಯ ಇಲಾಖೆ ಈಗ ಕೊಡುವ ವಂಶವೃಕ್ಷ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಅದು ಅರ್ಜಿದಾರರ ಹೇಳಿಕೆ ಮತ್ತು ಸ್ಥಳೀಯ ಮಹಜರಿನ ಮೇಲೆ ನಿಂತ ಕಾಗದ. ಖಾತೆ ಬದಲಾವಣೆಗೆ ಬೇಕಾಗುತ್ತದೆ, ನೂರು ವರ್ಷ ಹಿಂದಿನ ತಾಯಿಯನ್ನು ರುಜುವಾತುಪಡಿಸುವುದಿಲ್ಲ.

ಏಳನೆಯ ಹೆಜ್ಜೆ: ಅಳಿಯಸಂತಾನ ಇಲ್ಲದ ಮನೆತನಗಳು

ಶಿವಳ್ಳಿ, ಗೌಡ ಸಾರಸ್ವತ ಮುಂತಾದ ಬ್ರಾಹ್ಮಣ ಮನೆತನಗಳಲ್ಲಿ ತಾಯಿಯ ಹೆಸರು ಅಗತ್ಯವಾಗಿದ್ದದ್ದು ಶ್ರಾದ್ಧಕ್ಕೆ. ಮಹಾಲಯ ಪಕ್ಷಕ್ಕಾಗಿ ಬರೆದಿಟ್ಟ ಪಟ್ಟಿಯಲ್ಲಿ ಮಾತಾಮಹ, ಮಾತಾಮಹಿ ಮತ್ತು ಅವರ ಹಿಂದಿನ ಎರಡು ತಲೆಮಾರಿನ ಹೆಸರು, ಗೋತ್ರಗಳಿರುತ್ತವೆ. ಪಂಚಾಂಗದ ಹಾಳೆಗಳ ನಡುವೆ, ದೇವರ ಕೋಣೆಯ ಡಬ್ಬಿಯಲ್ಲಿ ಇಂಥ ಚೀಟಿಗಳನ್ನು ಹುಡುಕಿ, ಕುಲಪುರೋಹಿತರನ್ನೂ ಕೇಳಿ. ಆದರೆ ಈ ಪಟ್ಟಿಯ ಮಿತಿ ಗೊತ್ತಿರಲಿ: ಅದು ತಾಯಿಯ ತಂದೆಯ ವಂಶವನ್ನು ಮೇಲಕ್ಕೆ ಒಯ್ಯುತ್ತದೆ. ಅದರಲ್ಲಿ ಮಾತಾಮಹಿಯ ಮೇಲೆ ಬರುವವಳು ಅವಳ ಅತ್ತೆಯೇ ಹೊರತು ಅವಳ ತಾಯಿಯಲ್ಲ. ಹೆಣ್ಣಿನ ನೇರ ಸಾಲು ಬೇಕಿದ್ದರೆ ಅಜ್ಜಿಯ ಅಣ್ಣತಮ್ಮಂದಿರ ಮನೆಗೆ ಹೋಗಿ ಅವರ ಪಟ್ಟಿ ನೋಡಬೇಕು. ಅವರ ಮಾತೃಸ್ಥಾನದಲ್ಲಿರುವವಳು ನಿಮ್ಮ ಅಜ್ಜಿಯ ತಾಯಿ. ಸಾರಸ್ವತರಲ್ಲಿ ಮದುವೆಯಲ್ಲಿ ವಧುವಿನ ಹೆಸರು ಬದಲಿಸುವ ರೂಢಿ ಇದ್ದುದರಿಂದ ತವರಿನ ಪಟ್ಟಿಯ ಹುಡುಗಿ ಮತ್ತು ಗಂಡನ ಮನೆಯ ಪಟ್ಟಿಯ ಹೆಂಗಸು ಒಬ್ಬಳೇ ಎಂದು ಜಾತಕ ಅಥವಾ ಲಗ್ನಪತ್ರಿಕೆಯಿಂದ ಹೊಂದಿಸಿಕೊಳ್ಳಬೇಕು.

ಕ್ಯಾಥೊಲಿಕ್ ಕುಟುಂಬಗಳಿಗೆ ದೀಕ್ಷಾಸ್ನಾನದ ಪುಸ್ತಕವೇ ಮೊದಲ ಆಧಾರ, ಅದರಲ್ಲಿ ತಾಯಿಯ ಹೆಸರು ಕಡ್ಡಾಯ. ಹಳೆಯ ನಮೂದುಗಳು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿರುವುದರಿಂದ ಹೆಸರಿನ ರೂಪ ಬೇರೆಯಾಗಿರುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳೂ ನಾಶವಾದವು; ಆದ್ದರಿಂದ 1799ರ ನಂತರ ಜನ ಮರಳಿ ನೆಲೆಸಿದ ಕಾಲಕ್ಕಿಂತ ಹಿಂದಕ್ಕೆ ಹೋಗುವ ನಿರೀಕ್ಷೆಯನ್ನು ಮಿತವಾಗಿ ಇಟ್ಟುಕೊಳ್ಳಿ. ಮದುವೆಯ ಪುಸ್ತಕದಲ್ಲಿ ರಕ್ತಸಂಬಂಧದ ವಿನಾಯಿತಿ ನಮೂದಾಗಿದ್ದರೆ ಅದನ್ನು ವಿಶೇಷವಾಗಿ ಗಮನಿಸಿ. 1918ರವರೆಗೆ ನಾಲ್ಕನೇ ಹಂತದ ಬಂಧುತ್ವಕ್ಕೂ ಚರ್ಚಿನ ವಿನಾಯಿತಿ ಬೇಕಿತ್ತು, ಅಂದರೆ ವಧೂವರರಿಗೆ ಸಮಾನ ಪೂರ್ವಜರಿದ್ದರು ಎಂದು ಆಗಿನವರೇ ಲೆಕ್ಕ ಹಾಕಿ ಬರೆದಿದ್ದಾರೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತವಾದರೂ ಅದಕ್ಕೆ ಹಿಂದಿನ ಪತ್ರವ್ಯವಹಾರಕ್ಕೆ ಮಂಗಳೂರನ್ನೇ ವಿಚಾರಿಸಬೇಕಾಗಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದ ಕುಟುಂಬದವರು ಸ್ಥಳೀಯ ಸಭೆಯ ಪುಸ್ತಕ ನೋಡಿದ ಮೇಲೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹವನ್ನೂ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ದಾಖಲಾಗಾರವನ್ನೂ ವಿಚಾರಿಸಬಹುದು.

ಎಂಟನೆಯ ಹೆಜ್ಜೆ: ಸಾಕ್ಷ್ಯವನ್ನು ತೂಗಿ ನೋಡಿ

ಎರಡು ಕಾಗದಗಳು ಬೇರೆ ಬೇರೆ ಹೇಳಿದಾಗ ಹಳೆಯದೇ ಸರಿ ಎಂದುಕೊಳ್ಳುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ. ಬರೆಸಿದವರು ಯಾರು, ಅವರಿಗೆ ನೇರವಾಗಿ ಗೊತ್ತಿತ್ತೇ, ಹಾಗೆ ಬರೆಸಿದ್ದರಿಂದ ಅವರಿಗೆ ಲಾಭವಿತ್ತೇ ಎಂದು ಕೇಳಿ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಒಂದು ವಿವೇಕದ ನಿಯಮವಿತ್ತು: ಬಂಧುತ್ವದ ಬಗ್ಗೆ ಮೃತರು ಹೇಳಿದ ಮಾತನ್ನು ಒಪ್ಪಬೇಕಾದರೆ, ಅದನ್ನು ವಿವಾದ ಏಳುವ ಮೊದಲೇ ಹೇಳಿರಬೇಕು. ಮನೆಯ ಸಂಶೋಧನೆಗೂ ಇದೇ ಅಳತೆ ಸರಿ. ಜಗಳಕ್ಕೆ ಹತ್ತು ವರ್ಷ ಮೊದಲಿನ ಒಂದು ಸಾಮಾನ್ಯ ಅಡವುಪತ್ರ, ಜಗಳದ ನಡುವೆ ತಯಾರಾದ ಅಂದವಾದ ವಂಶವೃಕ್ಷಕ್ಕಿಂತ ಮೇಲು.

ಕಾಗದ ಪೂರ್ತಿ ಸೋತ ಕಡೆ ಮೈಟೊಕಾಂಡ್ರಿಯಾದ ಡಿಎನ್ಎ ಪರೀಕ್ಷೆ ಸ್ವಲ್ಪ ನೆರವಾಗುತ್ತದೆ, ಏಕೆಂದರೆ ಅದು ತಾಯಿಯಿಂದ ಮಾತ್ರ ಬರುತ್ತದೆ. ಇಬ್ಬರು ಹೆಂಡಂದಿರ ಹೆಣ್ಣುಸಾಲಿನ ಇಂದಿನ ಸಂತತಿ ಸಿಕ್ಕಿ, ನಿಮ್ಮದು ಒಬ್ಬಳ ಸಾಲಿನದಕ್ಕಿಂತ ಸ್ಪಷ್ಟವಾಗಿ ಬೇರೆಯಾದರೆ ಅವಳನ್ನು ಬಿಡಬಹುದು. ಆದರೆ ಇನ್ನೊಬ್ಬಳ ಸಾಲಿಗೆ ಹೊಂದಿಕೆಯಾದ ಮಾತ್ರಕ್ಕೆ ಅವಳೇ ತಾಯಿ ಎಂದು ಅಷ್ಟೇ ಖಚಿತವಾಗಿ ಹೇಳಲಾಗದು. ಆ ಹೊಂದಿಕೆ ಸಾವಿರಾರು ವರ್ಷ ಹಿಂದಿನದೂ ಆಗಿರಬಹುದು. ಪರೀಕ್ಷೆಗೆ ಒಪ್ಪುವವರಿಗೆ ಏನು ಹೊರಬರಬಹುದು ಎಂದು ಮೊದಲೇ ಬಿಡಿಸಿ ಹೇಳುವುದು ನಿಮ್ಮ ಹೊಣೆ. ತಾಯಿಯ ಹೆಸರು ಮರೆತುಹೋದದ್ದಲ್ಲ, ಯಾರೋ ಬೇಕೆಂದೇ ಮುಚ್ಚಿಟ್ಟದ್ದು ಎಂದು ತಿಳಿದುಬಂದರೆ, ಬದುಕಿರುವವರನ್ನು ಏಕಾಂತದಲ್ಲಿ ಕಂಡು ಮಾತನಾಡಿ, ಅವರ ಒಪ್ಪಿಗೆಯಿಲ್ಲದೆ ಕುಟುಂಬದ ಗ್ರೂಪಿನಲ್ಲಿ ಹಾಕಬೇಡಿ.

ಕೊನೆಗೆ ಬರೆದಿಡುವ ಕೆಲಸ. ಪ್ರತಿ ತಾಯಿ–ಮಗಳ ಕೊಂಡಿಯ ಪಕ್ಕದಲ್ಲಿ ಅದರ ಆಧಾರವನ್ನು, ಅಂದರೆ ಪತ್ರದ ನಂಬರ್, ವರ್ಷ, ಕಚೇರಿ, ಅಥವಾ ಹೇಳಿದವರ ಹೆಸರು ಮತ್ತು ದಿನವನ್ನು ಬರೆಯಿರಿ. ಅದರ ಎದುರು ‘ಖಚಿತ’, ‘ಬಹುಶಃ’, ‘ಹೇಳಿಕೆ ಮಾತ್ರ’ ಎಂಬ ಮೂರರಲ್ಲಿ ಒಂದನ್ನು ಗುರುತು ಮಾಡಿ. ತಳ್ಳಿಹಾಕಿದ ಉತ್ತರವನ್ನೂ, ತಳ್ಳಿಹಾಕಿದ ಕಾರಣವನ್ನೂ ಬರೆಯಿರಿ, ಇಲ್ಲವಾದರೆ ಮುಂದಿನವರು ಅದೇ ಗೊಂದಲದಿಂದ ಮತ್ತೆ ಆರಂಭಿಸುತ್ತಾರೆ. ಒಂದು ಪ್ರತಿಯನ್ನು ಕುಟುಂಬದ ಮನೆಯಲ್ಲಿ ಇಡಿ, ಇನ್ನೊಂದನ್ನು ಹೆಣ್ಣುಸಾಲಿನಲ್ಲಿ ಈಗ ಎಲ್ಲರಿಗಿಂತ ಕಿರಿಯಳಾದವಳ ಕೈಗೆ ಕೊಡಿ.